ಆರು ಚೌಕ ಕಟ್ಟಿದರೆ ಎಂಟು ತ್ರಿಕೋನ ಪುಕ್ಕಟೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಶರತ್ಕಾಲಕ್ಕೆ ಕಾಗದದ ಅಲಂಕಾರ ಮಾಡುವುದು ಹೇಗೆ ಎಂದು ಅರ್ಧ ಪುಟ ಬಂದಿತ್ತು. ಅದರಿಂದಲೇ ಶುರುಮಾಡಿ ನಮ್ಮ ದೀಪಾವಳಿಯ ಗೂಡುದೀಪಕ್ಕೆ ಬರುತ್ತೇನೆ. ಕಿತ್ತಳೆ ಬಣ್ಣದ ಮೇಪಲ್ ಎಲೆ, ಕಂದು ಬಣ್ಣದ ಅಳಿಲು, ಒಂದು ಕುಂಬಳಕಾಯಿ. ನನ್ನ ಮೊಮ್ಮಗಳಿಗೆ ಕನ್ನಡ ಓದಲು ಸರಿಯಾಗಿ ಬರುವುದಿಲ್ಲ. ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಆದರೆ ಚಿತ್ರ ಓದಲು ಬರುತ್ತದೆ ಅಲ್ವಾ? ಇಡೀ ದಿನ ಕೂತು ಕತ್ತರಿಸಿದಳು. ಸಂಜೆ ಹೊತ್ತಿಗೆ ನಮ್ಮ ಹಾಲಿನ ಕಿಟಕಿಯ ಗಾಜಿಗೆ ಹದಿನಾಲ್ಕು ಮೇಪಲ್ ಎಲೆ ಅಂಟಿದ್ದವು.

ಕಿಟಕಿಯ ಆಚೆ ಮುಂಬಯಿ ಹತ್ತಿರದ ಡೊಂಬಿವಲಿಯ ಅಕ್ಟೋಬರ್ ಬಿಸಿಲು. ನಾಲ್ಕು ತಿಂಗಳು ಮಳೆ ಕುಡಿದ ಮರಗಳು ಹಸಿರು ಹಸಿರಾಗಿ ನಿಂತಿವೆ. ಅವಳು ಗಾಜಿಗೆ ಮೂಗು ಒತ್ತಿ ಹೊರಗೆ ನೋಡಿ, "ಅಜ್ಜ, ಎಲೆ ಯಾವಾಗ ಬೀಳೋದು?" ಎಂದು ಕೇಳಿದಳು. "ಫೆಬ್ರವರಿಗೆ" ಎಂದೆ. ಅವಳು ನನ್ನನ್ನು ನಂಬಲಿಲ್ಲ. ಪೇಪರಿನಲ್ಲಿ ಬಂದದ್ದು ಸುಳ್ಳಾಗುತ್ತದಾ ಎಂಬ ಮುಖ.

ನಮ್ಮ ಗೇಟಿನ ಹತ್ತಿರ ಒಂದು ಕಾಡುಬಾದಾಮಿ ಮರ ಉಂಟು. ಅದರ ಎಲೆ ಕೆಂಪಾಗುವುದು ಚಳಿ ಮುಗಿಯುವ ಹೊತ್ತಿಗೆ. ಆಗ ನಿಜವಾಗಿಯೂ ನೋಡಲು ಚೆಂದ, ವಾಚ್‌ಮನ್ ಮಾತ್ರ ಗುಡಿಸಿ ಗುಡಿಸಿ ಬೈಯುತ್ತಾನೆ. ನಮ್ಮ ಶರತ್ಕಾಲ ಎಂದರೆ ಎಲೆ ಬೀಳುವ ಕಾಲ ಅಲ್ಲ. ಮಳೆ ಹೋಗಿ, ಗೋಡೆಯ ಬೂಷ್ಟು ಒಣಗಿ, ಬೆವರು ಸುರಿಯಲು ಶುರುವಾಗುವ ಕಾಲ. ಮತ್ತೆ, ಕಾಗದ ಒಣಗುವ ಕಾಲ. ಈ ಕೊನೆಯ ಮಾತು ನನ್ನಂಥವನಿಗೆ ಮಾತ್ರ ಹೊಳೆಯುತ್ತದೆ ಎಂದು ಕಾಣುತ್ತದೆ. ಯಾಕೆಂದರೆ ನಾನು ನಲವತ್ತು ವರ್ಷ ಬುಕ್ ಬೈಂಡರ್ ಆಗಿದ್ದವನು.

ನಾನು ಕಾರ್ಕಳದ ಕಡೆಯವನು. 1968ರಲ್ಲಿ ಹದಿಮೂರು ವರ್ಷದವನಿದ್ದಾಗ ಮುಂಬಯಿಗೆ ಬಂದೆ. ಹಗಲು ಕೋಟೆ (ಫೋರ್ಟ್) ಭಾಗದ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆ. ನಮ್ಮ ತಲೆಮಾರಿನ ಎಷ್ಟೋ ಜನರ ಕಥೆ ಇದೇ, ಉದ್ದ ಮಾಡುವುದಿಲ್ಲ. ಹದಿನೆಂಟಕ್ಕೆ ಗಿರ್ಗಾಂವಿನ ಒಂದು ಬೈಂಡಿಂಗ್ ಖಾನೆಗೆ ಸೇರಿದೆ. ಅಲ್ಲಿಂದ ನಿವೃತ್ತಿ ತನಕ ಕಾಗದ, ದಾರ, ಅಂಟು. ಇವತ್ತಿಗೂ ಯಾರಾದರೂ ಮದುವೆ ಕಾಗದ ಕೊಟ್ಟರೆ ಮೊದಲು ಹೆಸರು ನೋಡುವುದಿಲ್ಲ, ಹೆಬ್ಬೆರಳಿನಲ್ಲಿ ಉಜ್ಜಿ ದಪ್ಪ ನೋಡುತ್ತೇನೆ. ಹೆಂಡತಿ ಇದ್ದಾಗ ಬೈಯುತ್ತಿದ್ದಳು.

ಗಿರ್ಗಾಂವಿನ ಚಾಳಿನಲ್ಲಿ, ಅಂದರೆ ಮಾಳಿಗೆಗಳ ವಠಾರದಲ್ಲಿ, ನಮ್ಮದು ಎರಡನೇ ಮಾಳಿಗೆ. ಹೆಚ್ಚಿನವರು ಕೊಂಕಣದ ಕಡೆಯ ಮರಾಠಿಗಳು, ಬಟ್ಟೆ ಗಿರಣಿಯಲ್ಲಿ ಕೆಲಸ. ದೀಪಾವಳಿಗೆ ಹದಿನೈದು ದಿನ ಇರುವಾಗ ಗ್ಯಾಲರಿಯಲ್ಲಿ ಬಿದಿರು ಸೀಳುವ ಶಬ್ದ ಶುರುವಾಗುತ್ತಿತ್ತು. ಚಾಳಿನ ಪ್ರತಿ ಮನೆಗೂ ಒಂದೇ ಆಕಾರದ, ಒಂದೇ ಬಣ್ಣದ ಕಂದೀಲು. ಆ ವರ್ಷದ ಬಣ್ಣ ಯಾವುದು ಎಂದು ಮೊದಲೇ ಜಗಳ ಆಗಿ ತೀರ್ಮಾನ ಆಗಿರುತ್ತಿತ್ತು. ನಾನು ಮೊದಲ ಸಲ ಅದನ್ನು ನೋಡಿದಾಗ, "ಅರೆ, ಇದು ನಮ್ಮ ಗೂಡುದೀಪ!" ಎಂದೆ. ಪಕ್ಕದ ಕೋಣೆಯಲ್ಲಿ ಧಾರವಾಡದ ಕಡೆಯ ಒಬ್ಬರು ಇದ್ದರು, ಅಂಚೆ ಇಲಾಖೆ. ಅವರು, "ಅಲ್ಲೋ ತಮ್ಮಾ, ಇದು ಆಕಾಶಬುಟ್ಟಿ" ಎಂದರು. ಮರಾಠಿಯವರಿಗೆ ಆಕಾಶಕಂದೀಲ್. ಮೂರು ಹೆಸರು, ಬಿದಿರು ಕಡ್ಡಿ ಅದೇ, ಬಣ್ಣದ ಕಾಗದ ಅದೇ. ಊರಿನಲ್ಲಿ ಅಂಗಳಕ್ಕೆ ಕಂಬ ನೆಟ್ಟು ಗೂಡುದೀಪ ಏರಿಸಿ, ಬಲೀಂದ್ರನನ್ನು ಕೂ ಹಾಕಿ ಕರೆಯುತ್ತಿದ್ದೆವು. ಚಾಳಿನಲ್ಲಿ ಕಂಬ ಎಲ್ಲಿಂದ? ಗ್ಯಾಲರಿಯ ಕಟಕಟೆಗೆ ನೇತಾಡಿಸಿದ್ದೇ. ಕೂ ಹಾಕಿದ್ದರೆ ಕೆಳಗಿನವರು ಏನಾಯಿತು ಎಂದು ಓಡಿ ಬರುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಪುಟದಲ್ಲಿ ಶರತ್ಕಾಲದ ಅಲಂಕಾರ ಎಂದು ಏನಾದರೂ ಹಾಕುವುದಿದ್ದರೆ ಗೂಡುದೀಪ ಹಾಕಿ ಎಂದು ಕೇಳಲು ಈ ಕಾಗದ. ಮೇಪಲ್ ಎಲೆಯ ಮೇಲೆ ನನಗೆ ಸಿಟ್ಟಿಲ್ಲ. ಹಗಲು ಚಿಕ್ಕದಾಗುತ್ತಾ ಬಂದು ಎಲೆ ಕೆಂಪಾಗಿ ಉದುರುವ ದೇಶದ ಮಕ್ಕಳು ಅದನ್ನು ಮಾಡಲಿ, ಅವರಿಗೆ ಅದು ಕಿಟಕಿಯ ಹೊರಗೆ ಕಾಣುತ್ತದೆ. ನಮಗೆ ಕಿಟಕಿಯ ಹೊರಗೆ ಕಾಣುವುದು ಕಂದೀಲು.

ಮಾಡುವುದು ಹೇಗೆ ಎಂದು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ನಿಮ್ಮ ಉಪಸಂಪಾದಕರು ಕತ್ತರಿ ಹಾಕುವುದಿದ್ದರೆ ಬೇರೆ ಕಡೆ ಹಾಕಲಿ, ಇಲ್ಲಿ ಬೇಡ.

ಒಂಬತ್ತು ಇಂಚು ಉದ್ದದ ಬಿದಿರು ಕಡ್ಡಿ ಇಪ್ಪತ್ತನಾಲ್ಕು ಬೇಕು. ಮರಾಠಿಯಲ್ಲಿ ಕಾಮಟಿ ಎನ್ನುತ್ತಾರೆ. ಎಲ್ಲ ಒಂದೇ ಉದ್ದ ಇರಬೇಕು, ಇದರಲ್ಲಿ ಮಾತ್ರ ರಾಜಿ ಇಲ್ಲ. ನಾಲ್ಕು ಕಡ್ಡಿಗೆ ಒಂದರಂತೆ ಆರು ಚೌಕ ಕಟ್ಟಿ, ಮೂಲೆಗೆ ದಾರ. ಈಗ ನಾಲ್ಕು ಚೌಕಗಳನ್ನು ವಜ್ರದ ಹಾಗೆ ಮೂಲೆಯ ಮೇಲೆ ನಿಲ್ಲಿಸಿ. ಎಡ ಮೂಲೆ ಪಕ್ಕದವನ ಬಲ ಮೂಲೆಗೆ, ಹೀಗೆ ನಾಲ್ಕನ್ನೂ ಕೈ ಹಿಡಿಸಿ ಸುತ್ತು ಕಟ್ಟಿ. ಮೇಲೆ ನಾಲ್ಕು ಚೂಪು ತಲೆ ಕಾಣುತ್ತದೆ. ಐದನೇ ಚೌಕವನ್ನು ಮಲಗಿಸಿ ಅದರ ನಾಲ್ಕು ಮೂಲೆಗಳನ್ನು ಆ ನಾಲ್ಕು ತಲೆಗೆ ಕಟ್ಟಿ. ಆರನೆಯದು ಕೆಳಗೆ, ಹಾಗೆಯೇ. ಮೂವತ್ತಾರು ಗಂಟು ಆಯಿತು. ಈಗ ನೋಡಿ, ಚೌಕಗಳ ನಡುವೆ ತ್ರಿಕೋನದ ಖಾಲಿ ಜಾಗ ತಾನಾಗಿ ಹುಟ್ಟಿರುತ್ತದೆ. ಎಣಿಸಿದರೆ ಎಂಟು. ಅದಕ್ಕೆ ಒಂದು ಕಡ್ಡಿಯೂ ಹೆಚ್ಚಿಗೆ ಬೇಕಿಲ್ಲ. ಮಕ್ಕಳಿಗೆ ಇದನ್ನು ತೋರಿಸಿದರೆ ನಿಜವಾಗಿ ಕಣ್ಣರಳಿಸುತ್ತವೆ. ನನಗೆ ಎಪ್ಪತ್ತಾಯಿತು, ಪ್ರತಿ ವರ್ಷ ನಾನೂ ಒಮ್ಮೆ ಎಣಿಸುತ್ತೇನೆ.

ಈ ಹಂತದಲ್ಲಿ ಗೂಡು ಗಟ್ಟಿ ಇರುವುದಿಲ್ಲ. ಹಿಡಿದರೆ ಕುಡುಕನ ಹಾಗೆ ತೂರಾಡುತ್ತದೆ. ಒತ್ತಿದರೆ ಚಪ್ಪಟೆ, ತಿರುಚಿದರೆ ಸಣ್ಣದು. ಹೊಸಬರು ಇಲ್ಲೇ ಕೈಬಿಡುವುದು. ಗಂಟು ಸಡಿಲವಾಯಿತು ಎಂದು ಮತ್ತೆ ಮತ್ತೆ ಬಿಗಿಯುತ್ತಾರೆ. ಗಂಟಿನ ತಪ್ಪಲ್ಲ ಮಾರಾಯರೇ. ತ್ರಿಕೋನ ಅಲುಗುವುದಿಲ್ಲ, ಚೌಕ ಅಲುಗುತ್ತದೆ, ಅಷ್ಟೇ. ಚೌಕಕ್ಕೆ ಕಾಗದ ಅಂಟಿ ಒಣಗಿದ ಮೇಲೆ ನೋಡಿ, ಕಲ್ಲಿನ ಹಾಗೆ ನಿಲ್ಲುತ್ತದೆ. ಬಿದಿರು ಕಾಗದವನ್ನು ಹಿಡಿದಿದೆ ಎಂದು ಎಲ್ಲರೂ ತಿಳಿದುಕೊಳ್ಳುತ್ತಾರೆ. ಕಾಗದವೇ ಬಿದಿರನ್ನು ಹಿಡಿದಿರುತ್ತದೆ.

ಕಾಗದ ಗಾಳಿಪಟದ್ದು. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ನಡೆದರೆ ಬೇಕಾದ ಬಣ್ಣ ಸಿಗುತ್ತದೆ. 20 ಇಂಚು, 30 ಇಂಚಿನ ಹಾಳೆ ತನ್ನಿ, ನಾವು ಅದಕ್ಕೆ ಡಬಲ್ ಕ್ರೌನ್ ಎನ್ನುತ್ತಿದ್ದೆವು. ಒಂಬತ್ತು ಇಂಚಿನ ಚೌಕಕ್ಕೆ ಸುತ್ತ ಅರ್ಧ ಇಂಚು ಮಡಿಕೆ ಬಿಟ್ಟರೆ ಹತ್ತು ಇಂಚು. ಒಂದು ಹಾಳೆಯಲ್ಲಿ ಸರಿಯಾಗಿ ಆರು ಚೌಕ, ಚೂರೂ ವ್ಯರ್ಥ ಇಲ್ಲ. ಬೇರೆ ಬಣ್ಣದ ಇನ್ನೊಂದು ಹಾಳೆಯಲ್ಲಿ ತ್ರಿಕೋನಗಳು, ಮಡಿಕೆ ಸೇರಿ ಬದಿಗೆ ಹನ್ನೊಂದು ಇಂಚಿಗೆ ಸ್ವಲ್ಪ ಕಡಿಮೆ. ಒಂದು ನೆಟ್ಟಗೆ ಒಂದು ತಲೆಕೆಳಗೆ ಇಟ್ಟು ಎರಡು ಸಾಲು ಬರೆದರೆ ಎಂಟು ಸಿಗುತ್ತದೆ. ಮೇಲಿನ ಚೌಕ ಮುಚ್ಚಬಾರದು. ಬಿಸಿ ಹೋಗಲು, ಬಲ್ಬು ಇಳಿಸಲು ಜಾಗ ಬೇಕು. ಹಾಗಾಗಿ ಚೌಕದ ಒಂದು ತುಂಡು ಉಳಿಯುತ್ತದೆ. ಹರಿದರೆ ಇರಲಿ ಎಂದು ಇಟ್ಟುಕೊಳ್ಳಿ. ಹರಿದೇ ಹರಿಯುತ್ತದೆ.

ಅಂಟಿಗೆ ಮೈದಾ. ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಸಣ್ಣ ಉರಿ. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಿ. ಬೈಂಡಿಂಗ್ ಖಾನೆಯಲ್ಲಿ ಹುಳ ಹಿಡಿಯದ ಹಾಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದೆವು. ಅದು ವಿಷ, ಮಕ್ಕಳಿರುವಲ್ಲಿ ಬೇಡವೇ ಬೇಡ. ಹದಿನೈದು ದಿನದ ಕಂದೀಲನ್ನು ಯಾವ ಹುಳ ತಿನ್ನಲು ಬರುತ್ತದೆ? ಈ ಸೆಖೆಗೆ ಅಂಟು ಎರಡನೇ ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ, ಅವತ್ತಿನದು ಅವತ್ತೇ ಮುಗಿಸಿ. ಡಬ್ಬಿಯ ಅಂಟು ಯಾಕೆ ಬೇಡ ಎಂದರೆ, ತೆಳು ಕಾಗದ ಅದರಲ್ಲಿ ಸುಕ್ಕಾಗುತ್ತದೆ. ಮೈದಾ ಅಂಟಿನಲ್ಲಿ ತಪ್ಪಾದರೆ ಎಬ್ಬಿಸಿ ಮತ್ತೆ ಕೂರಿಸಬಹುದು. ಸ್ವಲ್ಪ ಹೊತ್ತು ಕ್ಷಮಿಸುತ್ತದೆ.

ಒಂದು ಗುಟ್ಟು. ಅಂಟಿಸಿದ ಕಾಗದ ಅಲ್ಲಲ್ಲಿ ಜೋಲು ಬಿದ್ದಿರುತ್ತದೆ. ಬೇಸರ ಮಾಡಬೇಡಿ. ಪೂರ್ತಿ ಒಣಗಿದ ಮೇಲೆ ಕೈ ಒದ್ದೆ ಮಾಡಿ ದೂರದಿಂದ ಸಣ್ಣಗೆ ನೀರು ಚಿಮುಕಿಸಿ, ಮತ್ತೆ ಒಣಗಲು ಬಿಡಿ. ಕಾಗದ ಎಳೆದುಕೊಂಡು ಡೋಲಿನ ಚರ್ಮದ ಹಾಗೆ ಬಿಗಿಯಾಗುತ್ತದೆ. ಬೆರಳಿನಲ್ಲಿ ತಟ್ಟಿದರೆ ಟಪ್ ಎನ್ನಬೇಕು. ನೀರು ಜಾಸ್ತಿಯಾದರೆ ಬಣ್ಣ ಬಿಡುತ್ತದೆ. ಗುಲಾಬಿ ಕಾಗದ ಅಂತೂ ಮೂರು ದಿನ ಬೆರಳಿನಲ್ಲಿ ಉಳಿಯುತ್ತದೆ. ನಾನು ಒಮ್ಮೆ ಆ ಬೆರಳಿನಲ್ಲೇ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತುವವನು ಎನಿಸಿಕೊಂಡೆ.

ಕೆಳಗೆ ಇಳಿಬಿಡುವ ಬಾಲ, ಮರಾಠಿಯವರ ಝಿರಮಿಳ್ಯಾ. ಇದರಲ್ಲಿ ಬೈಂಡರನ ಮಾತು ಒಂದು ಕೇಳಿ. ಬಟ್ಟೆಗೆ ಇದ್ದ ಹಾಗೆ ಕಾಗದಕ್ಕೂ ಎಳೆ ಉಂಟು. ಮೂಲೆಯಲ್ಲಿ ಹರಿದು ನೋಡಿ. ಒಂದು ಕಡೆಗೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ಕಡೆಗೆ ಸೊಟ್ಟ ಸೊಟ್ಟ. ನೆಟ್ಟಗೆ ಹರಿದದ್ದು ಎಳೆಯ ದಿಕ್ಕು. ಬಾಲವನ್ನು ಆ ಉದ್ದಕ್ಕೆ ಕತ್ತರಿಸಿದರೆ ನೇರ ಇಳಿಯುತ್ತದೆ, ಗಾಳಿಗೆ ಆಡುತ್ತದೆ. ಅಡ್ಡ ಕತ್ತರಿಸಿದರೆ ಎರಡೇ ದಿನದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಬೀಸಣಿಗೆಯ ಹಾಗೆ ಮಡಚಿ ಚಕ್ರ ಮಾಡುತ್ತಾರಲ್ಲ, ಅದಕ್ಕೂ ಮಡಿಕೆ ಎಳೆಯ ದಿಕ್ಕಿಗೇ ಬರಬೇಕು. ಇಲ್ಲದಿದ್ದರೆ ಮಡಿಕೆಯ ಅಂಚು ಒಡೆದು ಬಿಳಿ ಕಾಣುತ್ತದೆ. ಆ ಚಕ್ರಕ್ಕೆ ಎರಡು ಇಂಚು ಅಗಲದ ಪಟ್ಟಿ ತೆಗೆದುಕೊಂಡರೆ ಉದ್ದ ಹದಿಮೂರು ಇಂಚಿಗಿಂತ ಕಡಿಮೆ ಇದ್ದರೆ ಅದು ಚಪ್ಪಟೆ ಮಲಗುವುದೇ ಇಲ್ಲ, ಕೊಡೆಯ ಹಾಗೆ ಎದ್ದು ನಿಲ್ಲುತ್ತದೆ. ನಾನು 20 ಇಂಚು ತೆಗೆದುಕೊಳ್ಳುತ್ತೇನೆ. ಹಾಳೆಯ ಅಗಲ ಅಷ್ಟೇ ಇರುತ್ತದೆ, ಅಳೆಯುವ ಕೆಲಸ ಇಲ್ಲ.

ದೀಪದ ವಿಷಯದಲ್ಲಿ ಹಳೆಯದೇ ಚೆಂದ ಎಂದು ನಾನು ಹೇಳುವುದಿಲ್ಲ. ಊರಿನಲ್ಲಿ ಹಣತೆ ಇಡುತ್ತಿದ್ದೆವು, ಗಾಳಿ ಬಂದರೆ ಗೂಡೇ ಸುಟ್ಟು ಹೋಗುತ್ತಿತ್ತು. ಚಾಳಿನಲ್ಲಿ 40 ವಾಟಿನ ಬಲ್ಬು. ಕಾಗದಕ್ಕೆ ತಾಗಿದ ಕಡೆ ಕಂದು ಕಲೆ. ಈಗ ಎಲ್‌ಇಡಿ ಬಂದು ಕಾಗದಕ್ಕೆ ಜೀವದಾನ ಆಗಿದೆ. ತೆಳು ಕಾಗದ ಹಾಕಬಹುದು, ಹೆದರಿಕೆ ಇಲ್ಲ. ಪ್ಲಾಸ್ಟಿಕ್ ಕಂದೀಲು ಕೊಳ್ಳುವುದಕ್ಕೆ ಇದ್ದ ಒಂದು ಕಾರಣವೂ ಹೋಯಿತು. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಥರ್ಮೋಕೋಲಿನ ಅಲಂಕಾರವನ್ನೂ ನಿಷೇಧಿಸಿತು. ಆ ವರ್ಷ ಎಲ್ಲರೂ ಕಾಗದ ಕಾಗದ ಎಂದರು. ಈಗ ಬಜಾರಿಗೆ ಹೋದರೆ ಪ್ಲಾಸ್ಟಿಕ್ ಹೂವು, ಪ್ಲಾಸ್ಟಿಕ್ ನಕ್ಷತ್ರ ಮತ್ತೆ ಗೊಂಚಲು ಗೊಂಚಲು ನೇತಾಡುತ್ತಿವೆ. ಮಾಹಿಮಿನ ಕಂದೀಲ್ ಗಲ್ಲಿಗೆ ಹೋಗಿ ನೋಡಿ, ಅಲ್ಲಿಯ ಮನೆಯವರು ಕೂತು ಕೈಯಲ್ಲಿ ಕಟ್ಟಿದ್ದು ಸಿಗುತ್ತದೆ. ಮಾಡಲು ಆಗದವರು ಅಂಥವರಿಂದ ಕೊಂಡರೆ ನನ್ನ ತಕರಾರಿಲ್ಲ.

ಬಣ್ಣದ ಬಗ್ಗೆ ಒಂದು ತಮಾಷೆ. ರಾಜ್ಯೋತ್ಸವ ಮತ್ತು ದೀಪಾವಳಿ ಹೆಚ್ಚು ಕಡಿಮೆ ಒಟ್ಟಿಗೆ ಬರುತ್ತವಲ್ಲ. ಒಂದು ವರ್ಷ ಚೌಕಕ್ಕೆ ಹಳದಿ, ತ್ರಿಕೋನಕ್ಕೆ ಕೆಂಪು ಹಾಕಿ ಹೆಮ್ಮೆಯಿಂದ ಬಾಲ್ಕನಿಗೆ ತೂಗಿದೆ. ನಮ್ಮ ಬಾವುಟ ಯಾರ ಕಣ್ಣಿಗಾದರೂ ಬೀಳುತ್ತದಾ ಎಂದು ಕಾದೆ. ಎದುರು ಮನೆಯ ಮರಾಠಿ ಅಜ್ಜಿ ಬಂದು ಕೈಮುಗಿದು, "ಹಳದ್-ಕುಂಕೂ! ಛಾನ್!" ಎಂದರು. ಅದೂ ಸರಿಯೇ. ನಾನು ತಿದ್ದಲಿಲ್ಲ.

ಹಾಗೆಯೇ ನೆನಪಾಗುವುದು 2005. ಜುಲೈ 26ರ ಮಳೆ ಯಾರಿಗೆ ಮರೆಯುತ್ತದೆ? ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್. ಗಿರ್ಗಾಂವಿನಲ್ಲಿ ನಮಗೆ ಅಷ್ಟೇನೂ ಗೊತ್ತಾಗಲಿಲ್ಲ. ಧಣಿಯ ಕಾಗದದ ಗೋದಾಮು ಕುರ್ಲಾದಲ್ಲಿತ್ತು, ಎದೆಮಟ್ಟ ನೀರು. ನೀರು ಇಳಿದ ಮೇಲೆ ಹೋದರೆ ರೀಮುಗಳು, ಅಂದರೆ ಹಾಳೆಯ ಕಟ್ಟುಗಳು, ಉಬ್ಬಿ ಕಪಾಟಿನ ಹಲಗೆಗಳನ್ನೇ ಒಡೆದಿದ್ದವು. ಹೊಳಪಿನ ಕಾಗದ ಒಂದಕ್ಕೊಂದು ಅಂಟಿ ಇಟ್ಟಿಗೆ ಆಗಿತ್ತು. ತೆಳು ಬಿಳಿ ಕಾಗದದ ಕೆಲವು ರೀಮುಗಳನ್ನು ಮಾತ್ರ ಒಂದೊಂದೇ ಹಾಳೆ ಬಿಡಿಸಿ ದಾರಕ್ಕೆ ಹಾಕಿ ಒಣಗಿಸಿದೆವು. ಪುಸ್ತಕಕ್ಕೆ ಆಗುವ ಮಾಲಲ್ಲ, ತುಂಬಾ ಕೆಸರಿನ ಗೀರು. ಧಣಿ ರದ್ದಿಗೆ ಹಾಕು ಎಂದರು. ನಾನು ಮನೆಗೆ ತಂದೆ. ಆ ದೀಪಾವಳಿಗೆ ನಮ್ಮ ಚಾಳಿನ ಕಂದೀಲೆಲ್ಲ ಅದೇ ಬಿಳಿ ಕಾಗದದ್ದು. ಹಗಲು ನೋಡಿದರೆ ಕೊಳಕು. ರಾತ್ರಿ ಬಲ್ಬು ಹಾಕಿದಾಗ ನೀರಿನ ಗೀರುಗಳು ಒಂದರ ಮೇಲೊಂದು ಕಂದು ಅಲೆ ಅಲೆಯಾಗಿ ಎದ್ದವು. ಎಷ್ಟು ಎತ್ತರಕ್ಕೆ ನೀರು ಬಂತು, ಎಲ್ಲಿ ನಿಂತಿತು, ಹೇಗೆ ಇಳಿಯಿತು, ಎಲ್ಲ ಕಾಣುತ್ತಿತ್ತು. ಚಾಳಿನವರು ಸುಮ್ನೆ ನಿಂತು ನೋಡಿದರು. ಆ ವರ್ಷ ಬಣ್ಣಕ್ಕೆ ಜಗಳ ಆಗಲಿಲ್ಲ.

ಇನ್ನು ಒಂದು ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಮೇಲಿನದೆಲ್ಲ ಬರೀ ಅಜ್ಜನ ಹರಟೆ ಆಗುತ್ತದೆ.

ಕಳೆದ ವರ್ಷ ಒಂದು ಉಪನಗರದ ನಮ್ಮವರ ಸಂಸ್ಥೆಯೊಂದರಲ್ಲಿ ಮಕ್ಕಳಿಗೆ ಗೂಡುದೀಪ ಸ್ಪರ್ಧೆ ಇತ್ತು. ಹೆಸರು ಬೇಡ. ಮೂವರು ತೀರ್ಪುಗಾರರಲ್ಲಿ ನಾನೊಬ್ಬ. ಮನೆಯಲ್ಲಿ ಮಾಡಿ ತರಬೇಕು ಎಂದು ನಿಯಮ. ಇಪ್ಪತ್ತೆರಡು ಬಂದಿದ್ದವು. ಮೊದಲ ಬಹುಮಾನಕ್ಕೆ ಎಲ್ಲರ ಕಣ್ಣು ಹೋದದ್ದು ಒಂದು ದೊಡ್ಡ ತಾವರೆಗೆ. ನಾನು ಕೈಗೆ ತೆಗೆದುಕೊಂಡೆ. ನೂರಾರು ದಳ, ಒಂದರ ಅಂಚು ಇನ್ನೊಂದಕ್ಕೆ ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ಕತ್ತರಿ ಹಾಗೆ ಕತ್ತರಿಸುವುದಿಲ್ಲ, ಕಾರ್ಖಾನೆಯ ಡೈ, ಅಂದರೆ ಕತ್ತರಿಸುವ ಅಚ್ಚು, ಮಾತ್ರ ಹಾಗೆ ಒತ್ತುತ್ತದೆ. ಅಡಿಗೆ ಹೆಬ್ಬೆರಳು ಹಾಕಿದೆ. ಒಂದು ಕಡೆ ಜಿಗುಟು. ಬೆಲೆಯ ಚೀಟಿ ಕಿತ್ತ ಜಾಗ. ಆ ಹುಡುಗನ ಅಪ್ಪ ಎದುರಿಗೇ ನಿಂತಿದ್ದರು, ಸಂಸ್ಥೆಗೆ ಬಹಳ ಬೇಕಾದವರು. ಹುಡುಗ ನೆಲ ನೋಡುತ್ತಿದ್ದ.

ಕೊನೆಯ ಸಾಲಿನಲ್ಲಿ ಒಂದು ಹುಡುಗಿ, ಹತ್ತು ವರ್ಷ ಇರಬಹುದು. ಅವಳದು ಇದೇ ಇಪ್ಪತ್ತನಾಲ್ಕು ಕಡ್ಡಿಯ ಗೂಡು. ಸ್ವಲ್ಪ ಎಡಕ್ಕೆ ವಾಲಿತ್ತು. ಏಳು ತ್ರಿಕೋನ ನೀಲಿ, ಎಂಟನೆಯದು ನ್ಯೂಸ್ ಪೇಪರು. "ಒಂದು ಹರೀತು, ಕಾಗದ ಸಾಲಲಿಲ್ಲ" ಎಂದಳು. ಒಳಗಿನ ದೀಪ ಹಾಕಿಸಿದೆ. ಕನ್ನಡ ಅಕ್ಷರ, ನಿಮ್ಮದೇ ಪತ್ರಿಕೆ. ಬೆಳಕು ಬಿದ್ದಾಗ ಎರಡೂ ಬದಿ ಒಟ್ಟಿಗೆ ಕಾಣುತ್ತದಲ್ಲ, ಶ್ರದ್ಧಾಂಜಲಿಯ ಪುಟದ ಮೇಲೆ ಹಿಂದಿನ ಪುಟದ ಕ್ರಿಕೆಟ್ ಸುದ್ದಿ ತಿರುಗಾಮುರುಗಾ ಮೂಡಿತ್ತು. ಇಡೀ ಹಾಲಿನಲ್ಲಿ ಕಾಗದದ ಕೆಲಸ ಎಂದರೆ ಅದೊಂದೇ. ಬಾಲ ಕೂಡ ಎಳೆಯ ದಿಕ್ಕಿಗೇ ಕತ್ತರಿಸಿದ್ದಳು. ಗೊತ್ತಿದ್ದು ಮಾಡಿದಳೋ, ಹಾಗೇ ಆಯಿತೋ, ಕೇಳಲಿಲ್ಲ.

ಮೊದಲ ಬಹುಮಾನ ತಾವರೆಗೆ ಹೋಯಿತು. ತೀರ್ಪಿನ ಕಾಗದಕ್ಕೆ ನಾನೂ ಸಹಿ ಹಾಕಿದೆ. ಊಟದ ಹೊತ್ತಾಗಿತ್ತು, ಜಗಳ ಯಾಕೆ ಎಂದುಕೊಂಡೆ. ಹೊರಗೆ ಬಂದು ರಿಕ್ಷಾ ಹತ್ತಿದ ಮೇಲೂ ಆ ಜಿಗುಟು ಹೆಬ್ಬೆರಳಿನಲ್ಲೇ ಇತ್ತು.

ಅದಕ್ಕೇ ಹೇಳುತ್ತಿದ್ದೇನೆ. ಮನೆಯಲ್ಲಿ ಮಾಡಿ ತನ್ನಿ ಎನ್ನುವ ಸ್ಪರ್ಧೆಯನ್ನು ನಮ್ಮ ಸಂಘಗಳು ಬಿಡಲಿ. ಹಾಗೆ ಹೇಳಿದ ಕೂಡಲೇ ಅಪ್ಪ-ಅಮ್ಮನ ಪರ್ಸಿನ ಸ್ಪರ್ಧೆ ಆಗುತ್ತದೆ. ಮಕ್ಕಳ ತಪ್ಪಲ್ಲ. ಶನಿವಾರ ರಾತ್ರಿ ಒಂಬತ್ತಕ್ಕೆ ಲೋಕಲ್ ರೈಲಿನಿಂದ ಇಳಿದು ಮನೆ ಸೇರುವ ಅಪ್ಪನ ತಪ್ಪೂ ಅಲ್ಲ. ಅದರ ಬದಲು ಒಂದು ಭಾನುವಾರ ಸಂಘದ ಹಾಲ್‌ನಲ್ಲೇ ಕೂತು ಅಂಟಿಸೋಣ. ನೆಲಕ್ಕೆ ಹಳೆ ಪೇಪರು ಹಾಸಿ. ಹಾಲಿನ ಮ್ಯಾನೇಜರ್ ಟೈಲ್ಸಿಗೆ ಅಂಟಾಗುತ್ತದೆ ಎಂದು ಖಂಡಿತ ಕೂಗಾಡುತ್ತಾರೆ. ಮೈದಾ ಅಂಟು ಒದ್ದೆ ಬಟ್ಟೆಗೆ ಹೋಗುತ್ತದೆ ಎಂದು ಅವರಿಗೆ ಹೇಳಿ. ಬಹುಮಾನ ಬೇಡ. ಕೊಡಲೇಬೇಕು ಎಂದಿದ್ದರೆ ಎಲ್ಲರಿಗೂ ಒಂದೊಂದು ಕತ್ತರಿ ಕೊಡಿ. ಮೂರು ತಾಸು ಸಾಕು. ಒಣಗಲು ಅರ್ಧ ತಾಸು, ಆ ಹೊತ್ತಿಗೆ ಬನ್ಸ್, ಚಹಾ.

ಕಡ್ಡಿಯನ್ನು ಮೊದಲೇ ಸೀಳಿ ಅಳತೆಗೆ ಕತ್ತರಿಸಿ ತಂದುಕೊಡುವ ಕೆಲಸ ನನ್ನದು. ಬಿದಿರಿನ ಅಂಚು ಬ್ಲೇಡಿನ ಹಾಗೆ ಇರುತ್ತದೆ, ಅದನ್ನು ಮಕ್ಕಳ ಕೈಗೆ ಕೊಡಬಾರದು. ಇಪ್ಪತ್ತು ಗೂಡಿಗೆ 480 ಕಡ್ಡಿ. ಎರಡು ಕಟ್ಟು ಮಾಡಿದರೆ ಲೋಕಲಿನ ಲಗೇಜ್ ಡಬ್ಬಿಯಲ್ಲಿ ಆರಾಮವಾಗಿ ಬರುತ್ತದೆ. ಕಟ್ಟಿದ ಕಂದೀಲು ಹಿಡಿದು ಲೋಕಲ್ ಹತ್ತುವ ಸಾಹಸ ಮಾತ್ರ ಯಾರೂ ಮಾಡಬೇಡಿ. ನಾನು ಒಮ್ಮೆ ಮಾಡಿದ್ದೇನೆ. ಮಸ್ಜಿದಿನಲ್ಲಿ ಗೂಡು ಹತ್ತಿತ್ತು, ಡೊಂಬಿವಲಿಯಲ್ಲಿ ಇಳಿದದ್ದು ಬೀಸಣಿಗೆ.

ನನ್ನ ಹಾಗೆ ನಿವೃತ್ತರಾದವರು, ಬೈಂಡರುಗಳು, ಟೈಲರುಗಳು, ಗಾಳಿಪಟ ಕಟ್ಟಿದವರು ನಮ್ಮವರಲ್ಲೇ ಎಷ್ಟೋ ಜನ ಇದ್ದಾರೆ. ಸಭೆಗೆ ಕರೆದರೆ ಶಾಲು ಹೊದಿಸಿ ಕೂರಿಸುತ್ತಾರೆ ಎಂಬ ಹೆದರಿಕೆಗೆ ಬರುವುದಿಲ್ಲ. ಕೆಲಸಕ್ಕೆ ಕರೆಯಿರಿ, ಬರುತ್ತಾರೆ.

ಎಲೆಯೇ ಬೇಕು ಎನ್ನುವ ಮಕ್ಕಳಿಗೆ ಮುಂದಿನ ವರ್ಷ ದಸರೆಗೆ ಮೊದಲೇ ಆಪ್ಟಾ ಎಲೆ ಹಾಕಿ, ಇಲ್ಲಿ ದಸರೆಯ ದಿನ ಚಿನ್ನ ಎಂದು ಹಂಚುವ ಎಲೆ ಅದು. ಮೊನ್ನೆ ದಸರೆಯ ದಿನ ನಮ್ಮ ಸ್ಟೇಷನ್ ಸೇತುವೆಯ ಕೆಳಗೆ ಗುಡ್ಡೆ ಗುಡ್ಡೆ ಕೊಂಬೆ ಕಡಿದು ತಂದು ರಾಶಿ ಹಾಕಿದ್ದರು. ಎಷ್ಟೋ ಕಡೆ ಅದು ಆಪ್ಟಾವೂ ಅಲ್ಲ, ಕಾಂಚನದ ಎಲೆ. ಸಂಜೆಗೆ ಎಲ್ಲ ಕಾಲಡಿಗೆ. ಮರಾಠಿಯವರು ಆ ಎಲೆ ಕೊಟ್ಟು "ಸೋನಂ ಘ್ಯಾ" (ಚಿನ್ನ ತೆಗೆದುಕೊಳ್ಳಿ) ಎನ್ನುತ್ತಾರೆ, ನಮ್ಮ ಧಾರವಾಡದ ಪೋಸ್ಟ್ ಮಾಸ್ತರರು ಬನ್ನಿ ಕೊಟ್ಟು "ಬಂಗಾರದಂಗ ಇರೋಣು" ಎನ್ನುತ್ತಿದ್ದರು. ಕಾಗದದಲ್ಲಿ ಆಪ್ಟಾ ಮಾಡುವುದು ಬಹಳ ಸುಲಭ. ದೇವರು ಅದನ್ನು ಮಡಚಿಯೇ ಕತ್ತರಿಸಿದ ಹಾಗೆ ಉಂಟು, ನಡುವೆ ಗೀರು, ಎರಡು ಬದಿ ಒಂದೇ. ಚಿನ್ನದ ಬಣ್ಣದ ಕಾಗದ ಎರಡು ಮಡಿಕೆ ಮಾಡಿ ಅರ್ಧ ಎಲೆ ಕತ್ತರಿಸಿ ಬಿಚ್ಚಿದರೆ ಮುಗಿಯಿತು. ನನ್ನ ಮೊಮ್ಮಗಳು ಹದಿನಾಲ್ಕು ಮೇಪಲ್ ಕತ್ತರಿಸುವ ಹೊತ್ತಿಗೆ ನೂರು ಆಪ್ಟಾ ಆಗುತ್ತಿತ್ತು.

ಮೇಪಲ್ ಎಲೆಗಳು ಇನ್ನೂ ಕಿಟಕಿಯಲ್ಲೇ ಇವೆ. ನಾನು ತೆಗೆಯಲಿಲ್ಲ. ಎರಡು ಮಾತ್ರ ಬಿಸಿಲಿಗೆ ಅಂಟು ಬಿಟ್ಟು ತಾವಾಗಿ ಬಿದ್ದವು. "ನೋಡು ಅಜ್ಜ, ಬಿತ್ತು!" ಎಂದು ಅವಳು ಕುಣಿದಳು. ಅವಳದೇ ಗೆಲುವು ಎಂದು ಒಪ್ಪಿಕೊಂಡೆ.

ದೀಪಾವಳಿಗೆ ಇನ್ನೂ ಎರಡು ಭಾನುವಾರ ಉಳಿದಿದೆ. ಸಂಪಾದಕರಲ್ಲಿ ಒಂದು ವಿನಂತಿ. ಮುಂದಿನ ಮಕ್ಕಳ ಪುಟದಲ್ಲಿ ಹೆಚ್ಚೇನೂ ಬರೆಯಬೇಡಿ. ಬದಿಗೆ ಹತ್ತೂಮುಕ್ಕಾಲು ಇಂಚಿನ ಒಂದು ತ್ರಿಕೋನ, ಒಳಗೆ ಅರ್ಧ ಇಂಚು ಬಿಟ್ಟು ಮಡಚುವ ಗೆರೆ, ಇಷ್ಟನ್ನು ಅಚ್ಚು ಹಾಕಿ. ನಿಮ್ಮ ಪುಟದ ಅಗಲಕ್ಕೆ ಸರಿಯಾಗಿ ಹಿಡಿಸುತ್ತದೆ, ನಾನು ಅಳೆದು ನೋಡಿದ್ದೇನೆ. ಮಕ್ಕಳು ಅದನ್ನೇ ಕತ್ತರಿಸಿ ಎಂಟನೇ ತ್ರಿಕೋನಕ್ಕೆ ಅಂಟಿಸಲಿ. ಒಳಗೆ ಅ ಆ ಇ ಈ ದೊಡ್ಡದಾಗಿ ಹಾಕಿದರೆ ಇನ್ನೂ ಒಳ್ಳೆಯದು, ದೀಪ ಹಚ್ಚಿದಾಗ ಓದಲು ಸಿಗುತ್ತದೆ. ಮತ್ತೆ, ಅದರ ಹಿಂದಿನ ಪುಟಕ್ಕೆ ಕಪ್ಪು ಕಪ್ಪು ಜಾಹೀರಾತು ಹಾಕಬೇಡಿ. ಮಸಿ ಜಾಸ್ತಿಯಾದರೆ ಬೆಳಕು ಬರುವುದಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಬುಕ್ ಬೈಂಡರ್
ಡೊಂಬಿವಲಿ ಪೂರ್ವ